ಬಾಡಿಗೆ ಮನೆಯ ಲೆಕ್ಕ: ನೂರು ಬಂದರೆ ಜೇಬಿಗೆ ಎಂಟು

ಮೊದಲ ಬಾಡಿಗೆ ಕೈಗೆ ಬಂದಾಗ ನಾನು ಮಾಡಿದ ತಪ್ಪು ಏನು ಗೊತ್ತಾ? ಅದನ್ನು ಖರ್ಚು ಮಾಡಿದ್ದು. ಬಾಡಿಗೆಯಲ್ಲಿ ಸಾಲದ ಕಂತು ಕಳೆದರೆ ಉಳಿದದ್ದೆಲ್ಲ ಲಾಭ ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಹಾಗೇ ನಡೆಯಿತು. ಹದಿನೈದನೇ ತಿಂಗಳು ಬಾಡಿಗೆದಾರರು ಮನೆ ಬಿಟ್ಟರು, ಮನೆ ತೋರಿಸಲು ಹೋದಾಗ ತಾರಸಿ ಸೋರುತ್ತಿರುವುದು ಕಣ್ಣಿಗೆ ಬಿತ್ತು, ಅದೇ ವಾರ ತೆರಿಗೆ ಕಟ್ಟುವ ಗಡುವೂ ಬಂತು. ಹದಿನಾಲ್ಕು ತಿಂಗಳು ಲಾಭ ಅಂತ ತಿಂದದ್ದನ್ನು ಎರಡೇ ತಿಂಗಳಲ್ಲಿ ವಾಪಸ್ ಕಕ್ಕಬೇಕಾಯಿತು, ಸಾಲದ್ದಕ್ಕೆ ಸಂಬಳದಿಂದಲೂ ಒಂದಿಷ್ಟು ಹೋಯಿತು.

ಆಮೇಲೆ ಕೂತು ಯೋಚಿಸಿದಾಗ ತಿಳಿದದ್ದು ಇಷ್ಟೇ. ಬಾಡಿಗೆ ಪ್ರತಿ ತಿಂಗಳು ಸಮನಾಗಿ ಬರುತ್ತದೆ, ಖರ್ಚು ಹಾಗೆ ಬರುವುದಿಲ್ಲ. ಅದು ಎರಡು ವರ್ಷ ಸದ್ದಿಲ್ಲದೆ ಇದ್ದು ಆಮೇಲೆ ಗುಂಪು ಕಟ್ಟಿಕೊಂಡು ಬರುತ್ತದೆ. ಬಾಡಿಗೆ ಮನೆ ಇಟ್ಟುಕೊಂಡವರ ಕೆಲಸ ಏನೆಂದರೆ, ಆ ಗುಂಪನ್ನು ಬಿಡಿಸಿ ತಿಂಗಳು ತಿಂಗಳಿಗೆ ಹಂಚುವುದು. ಅಂದರೆ ಬರದೇ ಇರುವ ಬಿಲ್ಲನ್ನೂ ಈ ತಿಂಗಳೇ ಸ್ವಲ್ಪ ಕಟ್ಟುತ್ತಾ ಹೋಗುವುದು.

ಮೊದಲು ಲೆಕ್ಕ ಹಾಕಿ

ಒಂದೊಂದು ದೇಶದ ಹಣ ಬೇರೆ, ಬೆಲೆ ಬೇರೆ. ಅದಕ್ಕೇ ತಿಂಗಳ ಬಾಡಿಗೆಯನ್ನು ಸುಮ್ನೆ 100 ಅಂತ ಇಟ್ಟುಕೊಳ್ಳೋಣ. ನಿಮ್ಮ ಬಾಡಿಗೆ ಎಷ್ಟೇ ಇರಲಿ, ಆ ಪ್ರಮಾಣಕ್ಕೆ ಹಿಗ್ಗಿಸಿಕೊಳ್ಳಿ.

ವರ್ಷಕ್ಕೆ 1,200 ಆಯಿತು. ಇದರಲ್ಲಿ ಒಂದು ತಿಂಗಳ ಬಾಡಿಗೆ ಬರುವುದೇ ಇಲ್ಲ ಎಂದು ಹಿಡಿಯಿರಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಖಾಲಿ ಬಿದ್ದ ದಿನಗಳು, ಬಣ್ಣ ಹೊಡೆಸುವ ವಾರ, ಎಲ್ಲ ಸೇರಿ. 100 ಹೋಯಿತು. ನಲ್ಲಿ, ಬೀಗ, ಸ್ವಿಚ್ಚು, ಕಟ್ಟಿಕೊಂಡ ಪೈಪು, ಇಂಥ ಸಣ್ಣ ರಿಪೇರಿಗೆ ಇನ್ನೊಂದು 100. ತಾರಸಿ, ವೈರಿಂಗ್, ಮೋಟಾರಿನಂಥ ದೊಡ್ಡ ಕೆಲಸಕ್ಕೆ ಎತ್ತಿಡಬೇಕಾದ್ದು 100. ತೆರಿಗೆ ಮತ್ತು ವಿಮೆಗೆ 120. ಕಟ್ಟಡದ ನಿರ್ವಹಣಾ ಶುಲ್ಕ, ದಲ್ಲಾಳಿಗೆ ಕೊಡುವುದು, ಕರಾರು ಪತ್ರ, ಓಡಾಟ, ಇವಕ್ಕೆ 80. ಒಟ್ಟು 500 ಹೋಗಿ ಉಳಿದದ್ದು 700. ಸಾಲದ ಕಂತು ತಿಂಗಳಿಗೆ 50 ಇದ್ದರೆ ವರ್ಷಕ್ಕೆ 600. ಕೊನೆಗೆ ನಿಮ್ಮದು ಅಂತ ಉಳಿಯುವುದು ವರ್ಷಕ್ಕೆ 100, ತಿಂಗಳಿಗೆ ಎಂಟು ಚಿಲ್ಲರೆ.

ನಾನು ಮೊದಲ ದಿನ ಮಾಡಿದ ಲೆಕ್ಕದಲ್ಲಿ ಅದು ತಿಂಗಳಿಗೆ 50 ಇತ್ತು! ನಲವತ್ತೆರಡು ಎಲ್ಲಿ ಹೋಯಿತು ಎಂದು ಹುಡುಕುವುದೇ ಈ ಇಡೀ ವ್ಯವಹಾರ.

ಮನೆಯ ಬೆಲೆಗೂ ಹೀಗೇ ತಾಳೆ ನೋಡಿ. ಇಪ್ಪತ್ತು ವರ್ಷದ ಬಾಡಿಗೆಯಷ್ಟು ಬೆಲೆ ಕೊಟ್ಟು ಕೊಂಡಿದ್ದೀರಿ ಎಂದರೆ 24,000. ವರ್ಷದ ಬಾಡಿಗೆ 1,200, ಅಂದರೆ ಶೇ 5 ಹುಟ್ಟುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಖರ್ಚು ಕಳೆದ 700ನ್ನು ಹಿಡಿದರೆ ಅದು ಶೇ 3ಕ್ಕಿಂತ ಕಡಿಮೆ. ಮಾರುವವರು ಮೊದಲನೆಯದನ್ನೇ ಹೇಳುತ್ತಾರೆ, ಅದು ಅವರ ಕಸುಬು. ಎರಡನೆಯದನ್ನು ಹಾಕಿಕೊಳ್ಳಬೇಕಾದವರು ನೀವು.

ನನ್ನ ಅಂಕಿಗಳನ್ನೇ ನಂಬಬೇಡಿ. ಹೊಸ ಕಟ್ಟಡಕ್ಕೆ ರಿಪೇರಿ ಕಡಿಮೆ, ಹಳೆಯದಕ್ಕೆ ಜಾಸ್ತಿ. ಹಳೇ ಬಾಡಿಗೆ ಮಾಲೀಕರು ಕೆಲವರು ಬಾಡಿಗೆಯ ಅರ್ಧ ಭಾಗ ಖರ್ಚಿಗೇ ಹೋಗುತ್ತದೆ, ಅದೂ ಸಾಲದ ಕಂತನ್ನು ಬಿಟ್ಟು, ಅಂತ ಒರಟು ಲೆಕ್ಕ ಇಟ್ಟುಕೊಂಡಿರುತ್ತಾರೆ. ಮನೆ ಕೊಳ್ಳುವ ಮೊದಲು ಆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಅದರಲ್ಲೂ ಗಿಟ್ಟಿದರೆ ಧೈರ್ಯವಾಗಿ ಮುಂದುವರಿಯಬಹುದು.

ರಿಪೇರಿಗೆ ಎತ್ತಿಡುವುದು ಎಷ್ಟು?

ಮನೆಯ ಬೆಲೆಯ ಶೇ 1ನ್ನು ವರ್ಷಕ್ಕೆ ರಿಪೇರಿಗೆ ಇಡಿ ಅನ್ನುವ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ತೀರಾ ತಪ್ಪಲ್ಲ, ಆದರೆ ಅದರಲ್ಲಿ ಒಂದು ತೊಡಕಿದೆ. ಬೆಲೆಯಲ್ಲಿ ನೆಲದ ಬೆಲೆಯೂ ಸೇರಿರುತ್ತದೆ. ನೆಲ ಸೋರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಊರ ನಡುವಿನ ದುಬಾರಿ ಜಾಗದಲ್ಲಿ ಇರುವ ಚಿಕ್ಕ ಮನೆಗೂ, ಊರಾಚೆ ಅಗ್ಗದ ಜಾಗದಲ್ಲಿ ಇರುವ ಅಷ್ಟೇ ಗಾತ್ರದ ಮನೆಗೂ ಬಣ್ಣದ ಖರ್ಚು ಒಂದೇ ಅಲ್ವಾ? ಹಾಗಾಗಿ ನಾನು ನೆಲದ ಬೆಲೆ ಬಿಟ್ಟು ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು ಆಗುವ ಖರ್ಚನ್ನು ಹಿಡಿಯುತ್ತೇನೆ. ಹೊಸ ಕಟ್ಟಡವಾದರೆ ಅದರ ಶೇ 1, ಹಳೆಯದಾದರೆ ಶೇ 2ರ ಹತ್ತಿರ.

ಇದಕ್ಕಿಂತ ನಿಖರವಾದ ದಾರಿ ಇನ್ನೊಂದಿದೆ, ಒಂದು ಭಾನುವಾರದ ಕೆಲಸ. ಮನೆಯೊಳಗೆ ಓಡಾಡಿ ಸವೆಯುವ ವಸ್ತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ: ಒಳಗಿನ ಬಣ್ಣ, ಹೊರಗಿನ ಬಣ್ಣ, ತಾರಸಿಯ ವಾಟರ್‌ಪ್ರೂಫಿಂಗ್, ನೀರಿನ ಮೋಟಾರು, ನೀರು ಕಾಯಿಸುವ ಗೀಸರು, ಬಾತ್‌ರೂಮಿನ ಫಿಟ್ಟಿಂಗು, ಅಡುಗೆ ಮನೆಯ ಕಪಾಟು, ವೈರಿಂಗು, ಬಾಗಿಲು ಕಿಟಕಿ. ಪ್ರತಿಯೊಂದರ ಎದುರು ಹೊಸದು ಹಾಕಿಸಲು ಎಷ್ಟಾಗುತ್ತದೆ, ಇನ್ನು ಎಷ್ಟು ವರ್ಷ ಬರುತ್ತದೆ ಎಂದು ಬರೆದು ಭಾಗಿಸಿ.

ಇಲ್ಲಿ "ಇನ್ನು ಎಷ್ಟು ವರ್ಷ" ಅನ್ನುವುದೇ ಮುಖ್ಯ. ಗೀಸರು ಸುಮಾರು ಹತ್ತು ವರ್ಷ ಬರುತ್ತದೆ, ಹೊಸದಕ್ಕೆ 60 ಆಗುತ್ತದೆ, ಹಾಗಾದರೆ ವರ್ಷಕ್ಕೆ 6 ಎತ್ತಿಟ್ಟರೆ ಸಾಕು ಅನಿಸುತ್ತದೆ. ಆದರೆ ನೀವು ಮನೆ ಕೊಂಡಾಗಲೇ ಅದಕ್ಕೆ ಏಳು ವರ್ಷ ಆಗಿತ್ತು ಎಂದಾದರೆ ಉಳಿದಿರುವುದು ಮೂರೇ ವರ್ಷ, ವರ್ಷಕ್ಕೆ 20 ಎತ್ತಿಡಬೇಕು. ಹಳೇ ಮನೆ ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಪಡುವವರು ಮರೆಯುವುದು ಇದನ್ನೇ. ಹಿಂದಿನ ಮಾಲೀಕರು ಏಳು ವರ್ಷ ಬಳಸಿದ್ದಕ್ಕೆ ದುಡ್ಡು ಎತ್ತಿಟ್ಟು ನಿಮಗೆ ಕೊಟ್ಟು ಹೋಗಿಲ್ಲ. ಬೆಲೆ ಮಾತಾಡುವಾಗಲೇ ಈ ಪಟ್ಟಿ ಕೈಯಲ್ಲಿದ್ದರೆ ಚೌಕಾಸಿಗೂ ಬರುತ್ತದೆ.

ಇನ್ನು ನೀರಿನ ವಿಷಯ. ಮನೆಗೆ ನೀರಿನಷ್ಟು ದುಬಾರಿ ಶತ್ರು ಬೇರೆ ಇಲ್ಲ ಎಂದು ಅನುಭವದಿಂದ ಹೇಳುತ್ತೇನೆ. ನನ್ನ ಮನೆಯ ಬಾತ್‌ರೂಮಿನ ಗೋಡೆಯ ಹೊರಮೈಯಲ್ಲಿ ಅಂಗೈ ಅಗಲದ ತೇವ ಕಾಣಿಸಿದೆ ಎಂದು ಬಾಡಿಗೆದಾರರು ಫೋನ್ ಮಾಡಿ ಹೇಳಿದ್ದರು. ಮುಂದಿನ ತಿಂಗಳು ನೋಡೋಣ ಅಂದೆ. ಮುಂದಿನ ತಿಂಗಳೂ ಅದನ್ನೇ ಅಂದೆ. ನಾಲ್ಕು ತಿಂಗಳಾದ ಮೇಲೆ ಗಾರೆ ಉದುರಿತು, ಕಪಾಟಿನ ಹಿಂಬದಿ ಕೊಳೆತಿತ್ತು, ಕೆಳಗಿನ ಮನೆಯವರ ಚಾವಣಿಗೂ ನೀರು ಇಳಿದಿತ್ತು, ಅವರದ್ದನ್ನೂ ನಾನೇ ಸರಿ ಮಾಡಿಸಿ ಕೊಡಬೇಕಾಯಿತು. ಮೂಲದಲ್ಲಿ ಸಡಿಲವಾಗಿದ್ದದ್ದು ಒಂದು ಜಾಯಿಂಟು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗಾಯಿತು. ಈಗ ನನ್ನ ನಿಯಮ ಸರಳ: ನೀರು ಅಂತ ಫೋನ್ ಬಂದರೆ ಅವತ್ತೇ ಪ್ಲಂಬರ್ ಹೋಗಬೇಕು. ಬಣ್ಣ, ಬಾಗಿಲು, ಕಪಾಟು ಒಂದು ವಾರ ಕಾಯಬಹುದು.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ತಾರಸಿಯ ನೀರು ಹೋಗುವ ತೂತು, ಕೊಳವೆ, ಗೋಡೆಯ ಬಿರುಕು ಇಷ್ಟು ನೋಡಿ ಬನ್ನಿ. ಮುಂಚೆಯೇ ಹೇಳಿ ಹೋಗಿ. ಮನೆ ನಿಮ್ಮದಾದರೂ ಒಳಗೆ ಸಂಸಾರ ಅವರದ್ದು.

ಖಾಲಿ ಮನೆ ಅತಿ ದೊಡ್ಡ ಖರ್ಚು

ಇದಕ್ಕೆ ಬಿಲ್ಲು ಬರುವುದಿಲ್ಲ. ಅದಕ್ಕೇ ಜನ ಇದನ್ನು ಖರ್ಚು ಅಂತ ನೋಡುವುದೇ ಇಲ್ಲ. ಒಂದು ತಿಂಗಳು ಮನೆ ಖಾಲಿ ಇದ್ದರೆ ವರ್ಷದ ಆದಾಯದಲ್ಲಿ ಶೇ 8ಕ್ಕಿಂತ ಜಾಸ್ತಿ ಹೋಯಿತು.

ಒಂದು ಉದಾಹರಣೆ ನೋಡಿ. ನೀವು 100 ಕೇಳುತ್ತಿದ್ದೀರಿ. ಒಳ್ಳೆಯವರೊಬ್ಬರು ಬಂದು 95 ಕೊಡುತ್ತೇವೆ ಅಂದರು. ಐದು ಕಡಿಮೆಗೆ ಒಪ್ಪಿದರೆ ಸೋತ ಹಾಗೆ ಅನಿಸುತ್ತದೆ, ಬೇಡ ಅಂದಿರಿ. 100 ಕೊಡುವವರು ಸಿಗುವ ಹೊತ್ತಿಗೆ ಎರಡು ತಿಂಗಳಾಯಿತು. ಈ ಎರಡು ತಿಂಗಳಲ್ಲಿ ಹೋದದ್ದು 190. ತಿಂಗಳಿಗೆ 5ರಂತೆ ಅದನ್ನು ವಾಪಸ್ ಗಳಿಸಲು 38 ತಿಂಗಳು ಬೇಕು. ಮೂರು ವರ್ಷದ ಮೇಲೆ! ಅಷ್ಟರಲ್ಲಿ ಅವರು ಬಿಟ್ಟು ಹೋಗಿರುತ್ತಾರೆ.

ಹಾಗಂತ ಯಾರು ಬಂದರೂ ಕೊಟ್ಟುಬಿಡಿ ಅಂತಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಎರಡು ವಾರಕ್ಕೆ ಯಾರೂ ಮಾತಿಗೇ ಬರಲಿಲ್ಲ ಎಂದರೆ ನಿಮ್ಮ ಬೆಲೆ ಜಾಸ್ತಿ ಇದೆ, ಇಲ್ಲವೇ ಮನೆ ನೋಡಲು ಚೆನ್ನಾಗಿಲ್ಲ. ಎರಡರಲ್ಲಿ ಒಂದು. ಜನ ಬಂದು ನೋಡಿ ಹೋಗುತ್ತಿದ್ದಾರೆ, ಆದರೆ ಯಾರೂ ಒಪ್ಪುತ್ತಿಲ್ಲ ಎಂದರೆ ಸಮಸ್ಯೆ ಮನೆಯೊಳಗಿದೆ: ವಾಸನೆ, ಕತ್ತಲೆ, ಕೊಳಕು ಬಾತ್‌ರೂಮು. ಇದಕ್ಕೆ ಬೆಲೆ ಇಳಿಸುವುದಕ್ಕಿಂತ ಬಣ್ಣ ಹೊಡೆಸುವುದೇ ಅಗ್ಗ.

ಇರುವ ಬಾಡಿಗೆದಾರರನ್ನು ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ಉಳಿತಾಯ ನನಗಂತೂ ಕಂಡಿಲ್ಲ. ಸಮಯಕ್ಕೆ ಸರಿಯಾಗಿ ಕೊಡುವವರು, ಮನೆಯನ್ನು ನೀಟಾಗಿ ಇಟ್ಟುಕೊಳ್ಳುವವರು ಐದು ವರ್ಷ ಇದ್ದರೆ ಆ ಐದು ವರ್ಷ ದಲ್ಲಾಳಿಯ ಖರ್ಚಿಲ್ಲ, ಖಾಲಿ ದಿನಗಳಿಲ್ಲ, ಮತ್ತೆ ಮತ್ತೆ ಬಣ್ಣ ಹೊಡೆಸುವುದಿಲ್ಲ. ಅಂಥವರು ಒಂದು ಫ್ಯಾನು ಬದಲಿಸಿ ಕೊಡಿ ಅಂದರೆ ನಾನು ವಾದ ಮಾಡುವುದಿಲ್ಲ.

ಆದರೆ ಬಾಡಿಗೆ ಏರಿಸುವುದನ್ನೂ ಬಿಡಬೇಡಿ. ಸಂಕೋಚಕ್ಕೆ ಐದು ವರ್ಷ ಏರಿಸದೆ ಇದ್ದು ಆರನೇ ವರ್ಷ ಒಮ್ಮೆಲೇ ಕಾಲು ಭಾಗ ಜಾಸ್ತಿ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಬೆಲೆಗಳು ವರ್ಷಕ್ಕೆ ಶೇ 5 ಏರುತ್ತಿದ್ದರೆ ಐದು ವರ್ಷದ ಹಳೇ 100ಕ್ಕೆ ಇವತ್ತು ಸಿಗುವುದು 78ರಷ್ಟು ಸಾಮಾನು ಮಾತ್ರ. ಪ್ಲಂಬರ್ ಕೂಲಿ ಏರಿರುತ್ತದೆ, ವಿಮೆ ಏರಿರುತ್ತದೆ, ನಿಮ್ಮ ಬಾಡಿಗೆ ನಿಂತಲ್ಲೇ ನಿಂತಿರುತ್ತದೆ. ವರ್ಷಕ್ಕೆ ಎಷ್ಟು ಏರುತ್ತದೆ ಎಂದು ಕರಾರಿನಲ್ಲೇ ಬರೆದುಬಿಟ್ಟರೆ ಇಬ್ಬರಿಗೂ ಮುಜುಗರ ಇಲ್ಲ. ಕೆಲವು ಕಡೆ ಏರಿಕೆಗೆ ಕಾನೂನಿನ ಮಿತಿ ಇರುತ್ತದೆ, ಬರೆಯುವ ಮೊದಲು ಅದನ್ನು ನೋಡಿಕೊಳ್ಳಿ.

ಸಾಲ: ನಿದ್ದೆ ಕೆಡಿಸುವುದು ಇದೇ

ನಮ್ಮ ಲೆಕ್ಕದಲ್ಲಿ ಕಂತು 50 ಇತ್ತಲ್ಲ, ಅದು ಎಷ್ಟು ಸಾಲದ್ದು ಗೊತ್ತಾ? ಶೇ 8 ಬಡ್ಡಿ, 20 ವರ್ಷದ ಅವಧಿ ಎಂದರೆ ಬರೀ 6,000. ಅಂದರೆ ಮನೆ ಬೆಲೆಯ ಕಾಲು ಭಾಗ ಮಾತ್ರ. ಅರ್ಧ ಬೆಲೆಗೆ ಸಾಲ ಮಾಡಿದ್ದರೆ ಕಂತು 100 ಆಗಿ ಇಡೀ ಬಾಡಿಗೆಯನ್ನೇ ನುಂಗುತ್ತಿತ್ತು, ರಿಪೇರಿ, ತೆರಿಗೆ ಎಲ್ಲ ನಿಮ್ಮ ಸಂಬಳದಿಂದ. "ಬಾಡಿಗೆಯೇ ಸಾಲ ತೀರಿಸುತ್ತದೆ" ಎನ್ನುವ ಮಾತನ್ನು ನಂಬುವ ಮೊದಲು ಇಷ್ಟು ಗುಣಾಕಾರ ಮಾಡಿ ನೋಡಿ.

ಇನ್ನು ಬಡ್ಡಿ ದರ ಬದಲಾಗುವ ಸಾಲವಾದರೆ? ಶೇ 8 ಇದ್ದದ್ದು ಶೇ 10 ಆಯಿತು ಎನ್ನಿ. ಕೇಳಲು ಎರಡೇ, ಆದರೆ ಅದೇ 6,000 ಸಾಲದ ಕಂತು 50ರಿಂದ 58ಕ್ಕೆ ಏರುತ್ತದೆ. ತಿಂಗಳಿಗೆ 8! ನಮ್ಮ ಜೇಬಿಗೆ ಬೀಳುತ್ತಿದ್ದ ಎಂಟು ಅಷ್ಟೂ ಅಲ್ಲಿಗೆ ಮುಗಿಯಿತು. ಇದು ಬರೀ ಪುಸ್ತಕದ ಭಯ ಅಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನ ಮೂಲ ದರವನ್ನು 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರದಿಂದ ಏರಿಸಲು ಶುರು ಮಾಡಿ 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ತಂದು ನಿಲ್ಲಿಸಿತು. ಬೇರೆ ಹಲವು ದೇಶಗಳಲ್ಲೂ ಅದೇ ಹೊತ್ತಲ್ಲಿ ದರ ಏರಿತು. ಒಂದೂವರೆ ವರ್ಷವೂ ಬೇಕಾಗಲಿಲ್ಲ.

ಕಂತು ಏರಿಸಬೇಡಿ, ಅವಧಿ ಉದ್ದ ಮಾಡಿ ಅಂತ ಕೇಳಿದರಾಯಿತು ಎಂದು ಕೆಲವರು ಹೇಳುತ್ತಾರೆ. ಮಾಡಿ ನೋಡಿ. ಸಾಲದ ಶುರುವಿನಲ್ಲೇ ದರ ಶೇ 10 ಆದರೆ, 6,000ಕ್ಕೆ ತಿಂಗಳ ಬಡ್ಡಿಯೇ 50. ನೀವು ಕಟ್ಟುತ್ತಿರುವುದು 50 ಮತ್ತು ಚೂರು ಪಾರು. ಅಸಲು ಕರಗುವುದೇ ಇಲ್ಲ, 20 ವರ್ಷದ ಸಾಲ 50 ವರ್ಷ ದಾಟುತ್ತದೆ. ಅದಕ್ಕೇ ಕೈಲಾದರೆ ಕಂತನ್ನೇ ಏರಿಸಿಕೊಳ್ಳಿ, ಅವಧಿಯನ್ನಲ್ಲ.

ಸಾಲ ಕೊಡುವವರು ಬಳಸುವ ಒಂದು ಸರಳ ಅಳತೆ ನಮಗೂ ಉಪಯೋಗಕ್ಕೆ ಬರುತ್ತದೆ. ಖರ್ಚು ಕಳೆದು ಉಳಿದ ಬಾಡಿಗೆಯನ್ನು ವರ್ಷದ ಕಂತಿನಿಂದ ಭಾಗಿಸಿ. ಹೊರದೇಶಗಳಲ್ಲೂ ಸರಿ, ವ್ಯಾಪಾರದ ಸಾಲಗಳಲ್ಲೂ ಸರಿ, 1.25 ಇದ್ದರೆ ನೆಮ್ಮದಿ ಎನ್ನುವುದು ರೂಢಿ. ನಮ್ಮದು 700 ಭಾಗಿಸು 600, ಅಂದರೆ 1.17. ಕಾಲು ಭಾಗ ಮಾತ್ರ ಸಾಲ ಇದ್ದರೂ ನಾವು ಗೆರೆಯ ಕೆಳಗೇ ಇದ್ದೇವೆ. ಇಂಥ ಸ್ಥಿತಿಯಲ್ಲಿ ಇನ್ನೊಂದು ಮನೆ ಕೊಳ್ಳುವ ಆಸೆ ಬಂದರೆ ಸ್ವಲ್ಪ ತಡೆಯಿರಿ.

ತೆರಿಗೆಯ ಬಗ್ಗೆ ಒಂದೇ ಮಾತು, ಉಳಿದದ್ದನ್ನು ನಿಮ್ಮ ಕಡೆಯ ಲೆಕ್ಕ ಪರಿಶೋಧಕರನ್ನು ಕೇಳಿ. ಕಂತಿನಲ್ಲಿ ಬಡ್ಡಿ ಬೇರೆ, ಅಸಲು ಬೇರೆ. ನಮ್ಮ ಉದಾಹರಣೆಯ ಮೊದಲ ಕಂತಿನಲ್ಲಿ 40 ಬಡ್ಡಿ, ಹತ್ತು ಚಿಲ್ಲರೆ ಅಸಲು. ಲೆಕ್ಕದ ಪ್ರಕಾರ ಅಸಲು ಕಟ್ಟಿದ್ದು ಖರ್ಚಲ್ಲ, ಆದರೆ ಜೇಬಿನಿಂದ ಹೋಗುವುದಂತೂ ಹೌದು. ವರ್ಷ ಕಳೆದಂತೆ ಅಸಲಿನ ಪಾಲು ಏರುತ್ತದೆ, ಬಡ್ಡಿಯ ಪಾಲು ಇಳಿಯುತ್ತದೆ. ಕೈಯಲ್ಲಿ ಕಾಸಿಲ್ಲದಿದ್ದರೂ ಕಾಗದದ ಮೇಲೆ ಲಾಭ ಕಾಣಿಸಿ ತೆರಿಗೆ ಬೀಳುವುದು ಹೀಗೇ. ಅದಕ್ಕೂ ಪ್ರತಿ ತಿಂಗಳು ಸ್ವಲ್ಪ ಎತ್ತಿಡಿ.

ಬಾಡಿಗೆದಾರರು ಮತ್ತು ಬಾಕಿ

ಬಾಡಿಗೆ ಬಾಕಿ ಬೀಳುವ ಅಪಾಯವನ್ನು ತಡೆಯುವ ಜಾಗ ಒಂದೇ, ಅದು ಬೀಗದ ಕೈ ಕೊಡುವ ಮುಂಚೆ. ಬಾಡಿಗೆ ಅವರ ಆದಾಯದ ಮೂರನೇ ಒಂದು ಭಾಗ ದಾಟಬಾರದು ಎನ್ನುವುದು ಹಳೇ ಅಂದಾಜು, ಈಗಲೂ ಕೆಲಸಕ್ಕೆ ಬರುತ್ತದೆ. ಸಂಬಳದ ಚೀಟಿಯೋ ಬ್ಯಾಂಕ್ ಖಾತೆಯ ವಿವರವೋ ಕೇಳಿ ನೋಡಿ, ಗುರುತಿನ ಪತ್ರ ನೋಡಿ. ಮುಂಚಿನ ಮಾಲೀಕರಿಗೆ ಫೋನ್ ಮಾಡಿ, ಆದರೆ ಈಗಿನ ಮಾಲೀಕರಿಗಿಂತ ಅದಕ್ಕೂ ಹಿಂದಿನವರ ಮಾತಿಗೆ ಜಾಸ್ತಿ ಬೆಲೆ ಕೊಡಿ. ಈಗಿನವರು ಇವರನ್ನು ಹೇಗಾದರೂ ಸಾಗಹಾಕಿದರೆ ಸಾಕು ಎಂದು ಹೊಗಳುತ್ತಿರಬಹುದು! ಜಾತಿ, ಊಟ, ಮದುವೆ ಆಗಿದೆಯೋ ಇಲ್ಲವೋ ಎಂದೆಲ್ಲ ಕೇಳುವುದರಿಂದ ಬಾಡಿಗೆ ಬರುವುದಿಲ್ಲ. ಅದರಿಂದ ಒಳ್ಳೆಯ ಬಾಡಿಗೆದಾರರು ಕೈ ತಪ್ಪುತ್ತಾರೆ ಅಷ್ಟೇ. ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ.

ಡಿಪಾಸಿಟ್ ಹಣ ನಿಮ್ಮದಲ್ಲ. ಅದನ್ನು ಬಳಸಿ ಸಾಲ ತೀರಿಸುವುದು, ಚಿನ್ನ ಕೊಳ್ಳುವುದು, ಮಗಳ ಫೀಸು ಕಟ್ಟುವುದು ಸುಲಭ, ಅವರು ಮನೆ ಬಿಟ್ಟಾಗ ವಾಪಸ್ ಹೊಂದಿಸುವುದು ಕಷ್ಟ. ಹೊಸಬರ ಡಿಪಾಸಿಟ್ಟಿನಲ್ಲಿ ಹಳಬರದ್ದು ತೀರಿಸೋಣ ಎಂದು ಕೂತರೆ, ಹೊಸಬರು ಸಿಗದ ತಿಂಗಳು ಮರ್ಯಾದೆ ಹೋಗುತ್ತದೆ. ಬೇರೆ ಖಾತೆಯಲ್ಲಿ ಇಟ್ಟು ಮರೆತುಬಿಡಿ.

ಮನೆ ಒಪ್ಪಿಸುವ ದಿನ ಬಾಡಿಗೆದಾರರನ್ನು ಜೊತೆಗೆ ಕರೆದುಕೊಂಡು ಕೋಣೆ ಕೋಣೆಯ ವಿಡಿಯೊ ಮಾಡಿ. ಗೋಡೆ, ನಲ್ಲಿ, ಸ್ವಿಚ್ಚು, ಕಪಾಟಿನ ಒಳಗೆ, ಮೀಟರಿನ ಅಂಕಿ. ಒಂದು ಪ್ರತಿ ಅವರಿಗೂ ಕಳಿಸಿ. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಸಹಜ ಸವೆತ, ಅದಕ್ಕೆ ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳುವುದು ಸರಿಯಲ್ಲ. ಬಾಗಿಲು ಒಡೆದಿದ್ದರೆ ಅದು ಹಾನಿ. ಈ ಎರಡರ ನಡುವೆ ಜಗಳ ಆದಾಗ ಹಳೇ ವಿಡಿಯೊಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಾಡಿಗೆ ತಡವಾದರೆ? ಮೂರನೇ ದಿನಕ್ಕೇ ಒಂದು ಮೆಸೇಜು ಹಾಕಿ, ಮೆತ್ತಗೆ, ಆದರೆ ಬರಹದಲ್ಲಿ. ಒಂದು ತಿಂಗಳು ಪೂರ್ತಿ ಬಾಕಿಯಾದರೆ ಎದುರು ಕೂತು ಮಾತಾಡಿ. ಕೆಲಸ ಹೋಗಿದೆ, ಕಾಯಿಲೆ ಬಿದ್ದಿದೆ ಎಂದರೆ ಕಂತಿನಲ್ಲಿ ತೀರಿಸಲು ಒಪ್ಪಿ ಬರೆದಿಟ್ಟುಕೊಳ್ಳಿ. ಮೂರು ವರ್ಷ ಸರಿಯಾಗಿ ಕೊಟ್ಟವರಿಗೆ ಎರಡು ತಿಂಗಳು ಕಾಯುವುದು ಹೊಸಬರನ್ನು ಹುಡುಕುವುದಕ್ಕಿಂತ ಅಗ್ಗವೇ. ಮಾತು ತಪ್ಪಿಸುತ್ತಲೇ ಇದ್ದರೆ ಮಾತ್ರ ಡಿಪಾಸಿಟ್ ಮುಗಿಯುವವರೆಗೆ ಕಾಯಬೇಡಿ, ಕಾನೂನಿನ ನೋಟಿಸು ಕೊಡಿಸಿ. ತೆರವು ಮಾಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆ ತಿಂಗಳುಗಳಿಗೂ ಡಿಪಾಸಿಟ್ಟಿನಲ್ಲಿ ಸ್ವಲ್ಪ ಉಳಿದಿರಬೇಕು.

ಸಿಟ್ಟಿಗೆ ಕರೆಂಟು ಕಟ್ ಮಾಡುವುದು, ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಬೇಡವೇ ಬೇಡ. ಬಹುಪಾಲು ಕಡೆ ಅದು ಕಾನೂನಿಗೆ ವಿರುದ್ಧ. ನಿಮಗೆ ಬರಬೇಕಾದ ದುಡ್ಡಿನ ಕೇಸು ನಿಮ್ಮ ಮೇಲಿನ ಕೇಸಾಗುತ್ತದೆ. ಕಾನೂನು ಕೂಡ ಒಮ್ಮೊಮ್ಮೆ ನಿಂತುಬಿಡುತ್ತದೆ ಎನ್ನುವುದೂ ನೆನಪಿರಲಿ. 2020ರಲ್ಲಿ ಕೋವಿಡ್ ಬಂದಾಗ ಹಲವು ದೇಶಗಳಲ್ಲಿ ಬಾಡಿಗೆದಾರರನ್ನು ತೆರವು ಮಾಡಿಸುವುದಕ್ಕೇ ಸ್ವಲ್ಪ ಕಾಲ ತಡೆ ಬಿತ್ತು. ಬಾಡಿಗೆದಾರರಿಗೆ ಅದು ಬೇಕಿತ್ತು, ಆದರೆ ಸಾಲದ ಕಂತು ಮೈಮೇಲಿದ್ದ ಒಂದೇ ಮನೆಯ ಮಾಲೀಕರು ಒದ್ದಾಡಿದರು.

ವಿಮೆಯ ಸಣ್ಣ ಅಕ್ಷರ

ನೀವೇ ವಾಸವಿದ್ದಾಗ ಮಾಡಿಸಿದ ವಿಮೆಯನ್ನೇ ಬಾಡಿಗೆಗೆ ಕೊಟ್ಟ ಮೇಲೂ ಮುಂದುವರಿಸಬೇಡಿ. ಬಾಡಿಗೆಗೆ ಕೊಟ್ಟಿದ್ದೀರಿ ಎಂದು ತಿಳಿಸದಿದ್ದರೆ ನಷ್ಟ ಆದ ದಿನ ಪರಿಹಾರ ನಿರಾಕರಿಸಲು ಅದೇ ಕಾರಣ ಸಾಕು. ಮನೆ ಸತತವಾಗಿ 30 ಅಥವಾ 60 ದಿನ ಖಾಲಿ ಇದ್ದರೆ ಕೆಲವು ನಷ್ಟಗಳಿಗೆ ರಕ್ಷಣೆ ಇಲ್ಲ ಎನ್ನುವ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ. ಕಳ್ಳತನ, ಪೈಪು ಒಡೆಯುವುದು ಖಾಲಿ ಮನೆಯಲ್ಲೇ ಜಾಸ್ತಿ ಅಲ್ವಾ, ಅದಕ್ಕೇ.

ಎಷ್ಟು ಮೊತ್ತಕ್ಕೆ ವಿಮೆ? ಮಾರುಕಟ್ಟೆ ಬೆಲೆಗಲ್ಲ, ಕಟ್ಟಡವನ್ನು ಮತ್ತೆ ಕಟ್ಟಲು ಆಗುವ ಖರ್ಚಿಗೆ. ನೆಲಕ್ಕೆ ಬೆಂಕಿ ಬೀಳುವುದಿಲ್ಲ. ಆದರೆ ವಿಮೆಯ ಕಂತು ಉಳಿಸಲು ಕಡಿಮೆ ಮೊತ್ತಕ್ಕೆ ಮಾಡಿಸಿದರೆ ಇನ್ನೊಂದು ಪೆಟ್ಟಿದೆ. 12,000 ಬೆಲೆಯ ಕಟ್ಟಡಕ್ಕೆ 6,000ಕ್ಕೆ ವಿಮೆ ಮಾಡಿಸಿದ್ದೀರಿ, 2,000 ನಷ್ಟ ಆಯಿತು, ಪೂರ್ತಿ 2,000 ಬರುತ್ತದೆ ಅಂದುಕೊಂಡಿರುತ್ತೀರಿ. ಅನುಪಾತದ ಷರತ್ತು ಇರುವ ಪಾಲಿಸಿಯಲ್ಲಿ ಬರುವುದು 1,000. ಅರ್ಧಕ್ಕೆ ವಿಮೆ, ಅರ್ಧ ಪರಿಹಾರ.

ಪ್ರವಾಹ, ಭೂಕಂಪ ಒಳಗೊಂಡಿವೆಯೇ, ರಿಪೇರಿ ಆಗುವವರೆಗೆ ಹೋಗುವ ಬಾಡಿಗೆಗೆ ಪರಿಹಾರ ಇದೆಯೇ, ಯಾರಾದರೂ ಮನೆಯಲ್ಲಿ ಬಿದ್ದು ಪೆಟ್ಟು ಮಾಡಿಕೊಂಡರೆ ಜವಾಬ್ದಾರಿ ಯಾರದ್ದು, ಈ ಮೂರನ್ನು ಕೇಳಿ ಬರಹದಲ್ಲಿ ಪಡೆಯಿರಿ. ಬಾಡಿಗೆದಾರರ ಟಿವಿ, ಬಟ್ಟೆಬರೆಗೆ ನಿಮ್ಮ ವಿಮೆ ಬರುವುದಿಲ್ಲ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ. ಸಣ್ಣ ನಷ್ಟವನ್ನು ಸ್ವಂತಕ್ಕೆ ಭರಿಸುವ ಷರತ್ತು ಒಪ್ಪಿದರೆ ಕಂತು ಇಳಿಯುತ್ತದೆ. ಕೈಯಲ್ಲಿ ಗಂಟಿದ್ದರೆ ಮಾತ್ರ ಒಪ್ಪಿ.

ಗಂಟು ಎಷ್ಟಿರಬೇಕು

ಹತ್ತು ಮನೆ ಇರುವವರಿಗೆ ಒಂದು ಖಾಲಿಯಾದರೆ ಹತ್ತರಲ್ಲೊಂದು ಪಾಲು ಹೋಯಿತು. ಒಂದೇ ಮನೆ ಇರುವ ನಮಗೆ ಹಾಗಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಹಾಗಾಗಿ ಚಿಕ್ಕ ಮಾಲೀಕರಿಗೇ ಪ್ರಮಾಣದಲ್ಲಿ ದೊಡ್ಡ ಗಂಟು ಬೇಕು, ಇದು ಕೇಳಲು ಉಲ್ಟಾ ಅನಿಸಿದರೂ.

ಕೆಟ್ಟ ವರ್ಷ ಒಂದನ್ನು ಕಲ್ಪಿಸಿಕೊಳ್ಳಿ. ಮೂರು ತಿಂಗಳು ಖಾಲಿ, 300. ಎತ್ತಿಟ್ಟದ್ದನ್ನು ಮೀರಿ ತಾರಸಿಗೆ 200. ಬಡ್ಡಿ ಶೇ 2 ಏರಿದ್ದಕ್ಕೆ ಹತ್ತಿರ ಹತ್ತಿರ 100. ಒಟ್ಟು 600, ಅಂದರೆ ಆರು ತಿಂಗಳ ಬಾಡಿಗೆ. ಆರು ತಿಂಗಳದ್ದು ಇಡಿ ಎಂದು ಎಲ್ಲರೂ ಹೇಳುವುದು ಸುಮ್ನೆ ಅಲ್ಲ, ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ಇದು ನಿಮ್ಮ ಮನೆಖರ್ಚಿನ ಆಪತ್ತಿನ ಹಣದ ಜೊತೆ ಬೆರೆಯಬಾರದು, ಬೇಕೆಂದ ದಿನ ತೆಗೆಯುವ ಹಾಗೆ ಬ್ಯಾಂಕಿನಲ್ಲಿರಬೇಕು, ಷೇರಿನಲ್ಲಲ್ಲ.

ನಿಮ್ಮ ಕೆಲಸ ಮತ್ತು ಬಾಡಿಗೆದಾರರ ಕೆಲಸ ಒಂದೇ ಕಂಪನಿಯಲ್ಲೋ ಒಂದೇ ಕಸುಬಿನಲ್ಲೋ ಇದ್ದರೆ ಗಂಟನ್ನು ಇನ್ನೂ ದೊಡ್ಡದು ಮಾಡಿ. ಒಂದು ಕಾರ್ಖಾನೆ ನಂಬಿಕೊಂಡ ಊರಿನಲ್ಲಿ ಅದು ಮುಚ್ಚಿದರೆ ನಿಮ್ಮ ಸಂಬಳ, ಅವರ ಬಾಡಿಗೆ, ಮನೆಯ ಬೆಲೆ ಮೂರೂ ಒಂದೇ ದಿನ ಬೀಳುತ್ತವೆ. ಗಂಟು ಕಟ್ಟುವ ಸುಲಭ ದಾರಿ ಎಂದರೆ ಬಾಡಿಗೆಗೆ ಬೇರೆ ಖಾತೆ ತೆರೆಯುವುದು. ಬಾಡಿಗೆ ಅಲ್ಲಿಗೇ ಬರಲಿ, ಕಂತು, ತೆರಿಗೆ, ರಿಪೇರಿ ಅಲ್ಲಿಂದಲೇ ಹೋಗಲಿ. 600 ತುಂಬುವವರೆಗೆ ಅದರಿಂದ ಒಂದು ಕಾಸೂ ಮನೆಗೆ ತರಬೇಡಿ. ನನಗೆ ಎರಡು ವರ್ಷ ಹಿಡಿಯಿತು, ಅದೂ ನಡುವೆ ಸಂಬಳದಿಂದ ಸೇರಿಸಿದ್ದಕ್ಕೆ.

ಯಾವಾಗ ಮಾರಬೇಕು

ಗಂಟಿದೆ, ವಿಮೆ ಇದೆ, ಬಾಡಿಗೆದಾರರೂ ಒಳ್ಳೆಯವರು, ಆದರೂ ಮೂರು ನಾಲ್ಕು ವರ್ಷ ಸತತವಾಗಿ ನಿಮ್ಮ ಸಂಬಳವೇ ಮನೆಯನ್ನು ಸಾಕುತ್ತಿದೆ ಎಂದರೆ ಕೂತು ಇನ್ನೊಂದು ಲೆಕ್ಕ ಹಾಕಿ. ಕೊಂಡಾಗ ಎಷ್ಟು ಕೊಟ್ಟಿರಿ ಎನ್ನುವುದನ್ನು ಮರೆತುಬಿಡಿ. ಇವತ್ತು ಮಾರಿದರೆ ತೆರಿಗೆ, ದಲ್ಲಾಳಿ, ಉಳಿದ ಸಾಲ ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ? ಅಷ್ಟು ದುಡ್ಡು ಇವತ್ತು ಕೈಯಲ್ಲಿದ್ದರೆ ಇದೇ ಮನೆಯನ್ನು ಮತ್ತೆ ಕೊಳ್ಳುತ್ತಿದ್ದಿರಾ? ಇಲ್ಲ ಎನ್ನುವ ಉತ್ತರ ಬಂದರೆ ಮಾರುವ ಮಾತು ಶುರು ಮಾಡಬಹುದು. ಬೆಲೆ ಏರುತ್ತದೆ ಎಂದು ಕಾಯುವುದಾದರೆ, ಕಾಯುವ ಪ್ರತಿ ವರ್ಷ ಜೇಬಿನಿಂದ ಹೋಗುವುದನ್ನೂ ಆ ಏರಿಕೆಯಿಂದ ಕಳೆಯಿರಿ.

ಮಾರುವುದೇ ಆದರೆ ಕೊನೆಯ ಬಾಡಿಗೆದಾರರ ಕರಾರು ಯಾವಾಗ ಮುಗಿಯುತ್ತದೆ ಎಂದು ಮೊದಲು ನೋಡಿ. ಕೊಳ್ಳುವವರು ತಾವೇ ವಾಸಕ್ಕೆ ಬರುವವರಾದರೆ ಅವರಿಗೆ ಖಾಲಿ ಮನೆ ಬೇಕು, ಬಾಡಿಗೆಗಾಗಿ ಕೊಳ್ಳುವವರಾದರೆ ಒಳಗೆ ಇರುವ ಒಳ್ಳೆಯ ಬಾಡಿಗೆದಾರರೇ ಅವರಿಗೆ ಬೇಕು. ಎರಡನೆಯವರು ಸಿಕ್ಕರೆ ನಿಮಗೆ ಖಾಲಿ ತಿಂಗಳುಗಳ ಖರ್ಚೂ ಇಲ್ಲ, ಡಿಪಾಸಿಟ್ಟನ್ನು ಅವರ ಹೆಸರಿಗೆ ವರ್ಗಾಯಿಸಿ ಮೂವರೂ ಸಹಿ ಹಾಕಿದ ಒಂದು ಕಾಗದ ಇಟ್ಟುಕೊಳ್ಳಿ.